ಗೋಡೆಗಂಟಿದ ಸರ್ಕಾರ

ಸೋಮವಾರ, ಬೆಳಗಿನ ಹತ್ತೂವರೆ. ಹಾವೇರಿ ಸೀಮೆಯ ಒಂದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿ ಕಚೇರಿ. ಮುಂಭಾಗದಲ್ಲಿದ್ದ ‘ಮಿನಿ ವಿಧಾನಸೌಧ’ ಎಂಬ ಅಕ್ಷರಗಳು ಹೋಗಿ ‘ತಾಲ್ಲೂಕು ಆಡಳಿತ ಸೌಧ’ ಬಂದು ಕೂತಿದೆ. ಆಟೋದವರಿಗೆ ಅದಿನ್ನೂ ಮಿನಿ ಸೌಧವೇ; ಹಳ್ಳಿಯಿಂದ ಇಳಿದವರಿಗೆ ಬರೀ ಕಚೇರಿ. ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಎರಡು ನೋಟಿಸ್ ಬೋರ್ಡು. ಒಂದಕ್ಕೆ ತಂತಿ ಜಾಲರಿಯ ಬಾಗಿಲು, ಬಾಗಿಲಿಗೆ ಬೀಗ. ಕೀಲಿ ಯಾರ ಹತ್ತಿರ ಇದೆಯೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಟೇಬಲ್ ತೋರಿಸುತ್ತಾರೆ. ಹೀಗಾಗಿ ಹಳೆಯ ಮತದಾರರ ಪಟ್ಟಿ ಒಳಗೇ ಹಳದಿಗಟ್ಟಿದೆ, ಹೊಸ ನೋಟಿಸುಗಳು ಜಾಲರಿಯ ಹೊರಮೈಗೆ ಮೆತ್ತಿಕೊಂಡಿವೆ. ಇನ್ನೊಂದು ಬೋರ್ಡು ಬರೀ ಪ್ಲೈವುಡ್ ಹಲಗೆ. ಅದರ ಮೇಲೆ ಕಾಗದದ ಮೇಲೆ ಕಾಗದ, ಬೆರಳಿನ ದಪ್ಪ. ಮೂಲೆಯಲ್ಲಿ ಹರಿದಲ್ಲಿ ಕೆಳಗಿನ ಪದರಿನ ಅರ್ಧ ಸಾಲು ಇಣುಕುತ್ತದೆ: ‘…ದಾರರು ಏಳು ದಿನಗಳೊಳಗಾಗಿ…’

ಜವಾನ ಬರುತ್ತಾನೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಮೈದಾ ಕುದಿಸಿದ ಅಂಟು. ಇನ್ನೊಂದು ಕೈಯಲ್ಲಿ ಮೂರು ಹಾಳೆ. ಬ್ರಷ್ ಇಲ್ಲ, ನಾಲ್ಕು ಬೆರಳೇ ಬ್ರಷ್. ಹಾಳೆ ಅಂಟಿಸಿ, ಅಂಗೈಯಿಂದ ಸವರಿ, ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾನೆ. ಒಂದು ಹತ್ತಿರದಿಂದ, ಒಂದು ಕಚೇರಿಯ ಬೋರ್ಡು ಕಾಣುವ ಹಾಗೆ ದೂರದಿಂದ. ಆ ಫೋಟೊ ಕಡತಕ್ಕೆ ಹೋಗುತ್ತದೆ. ಮೊದಲು ಇದಕ್ಕೆ ಪಂಚನಾಮೆ ಬೇಕಿತ್ತು, ಇಬ್ಬರು ಪಂಚರ ಸಹಿ ಬೇಕಿತ್ತು. ಚಹಾದಂಗಡಿಯಿಂದ ಯಾರನ್ನಾದರೂ ಕರೆದು ತರುತ್ತಿದ್ದರು. ಈಗ ಫೋಟೊ ಸಾಕು. ಅವನು ಹೋದ ಮೇಲೆ ಗಾಳಿಗೆ ಒಂದು ಹಾಳೆಯ ತುದಿ ಎದ್ದಿತು. ಯಾರೂ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಕಡತಕ್ಕೆ ಇರಲಿಲ್ಲ.

ಆ ಮೂರು ಹಾಳೆಗಳಲ್ಲಿ ಒಂದು ದುಡ್ಡಿನದು, ಒಂದು ಶಾಲೆಯದು. ದುಡ್ಡಿನದು, ಜನರಿಂದ ಠೇವಣಿ ಎತ್ತಿ ಬಾಗಿಲು ಹಾಕಿದ ಖಾಸಗಿ ಹಣಕಾಸು ಸಂಸ್ಥೆಯೊಂದರ ಆಸ್ತಿ ಜಪ್ತಿಗೆ ಸಂಬಂಧಿಸಿದ್ದು. ಶಾಲೆಯದು, ಮಾನ್ಯತೆ ಇಲ್ಲದೆ ನಡೆಯುತ್ತಿರುವ ಶಾಲೆಗಳ ಪಟ್ಟಿ. ಮಕ್ಕಳನ್ನು ಸೇರಿಸಿದರೆ ಇಲಾಖೆ ಜವಾಬ್ದಾರಿ ಅಲ್ಲ ಎಂಬ ಎಚ್ಚರಿಕೆಯೊಂದಿಗೆ. ದುಡ್ಡಿನ ಮಾತೂ ಶಾಲೆಯ ಮಾತೂ ಒಂದೇ ಹಲಗೆಯ ಮೇಲೆ ಮೈಗೆ ಮೈ ತಾಗಿಸಿಕೊಂಡು ನಿಂತದ್ದರಲ್ಲಿ ವಿಚಿತ್ರವೇನಿಲ್ಲ. ಮೇ ತಿಂಗಳ ಕೊನೆಗೆ ಈ ಊರಿನ ಯಾವ ಮನೆಗಾದರೂ ಹೋಗಿ, ಎರಡೂ ಒಂದೇ ಮಾತಾಗಿರುತ್ತವೆ. ಕಿವಿಯ ಬೆಂಡೋಲೆ ಸೊಸೈಟಿಗೆ ಹೋಗುತ್ತದೆ, ಸೊಸೈಟಿಯ ರೊಕ್ಕ ಸಾಲಿಯ ಫೀಗೆ ಹೋಗುತ್ತದೆ. ಮುಂದೆ ಮೆಣಸಿನಕಾಯಿಯೋ ಗೋವಿನಜೋಳವೋ ಮನೆಗೆ ಬಂದರೆ ಬೆಂಡೋಲೆಯೂ ವಾಪಸು ಬರುತ್ತದೆ.

ಬೋರ್ಡಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಅರವತ್ತರ ಆಚೆಯ ವಯಸ್ಸು, ಇಳಕಲ್ ಸೀರೆ, ಕಂಕುಳಲ್ಲಿ ಗೊಬ್ಬರದ ಚೀಲ ಹೊಲಿದು ಮಾಡಿದ ಕೈಚೀಲ. ನನ್ನನ್ನು ನೋಡಿ ಕೇಳಿದಳು: “ಯಪ್ಪಾ, ಇದರಾಗ ನಮ್ ಕಂಪನೀದು ಬಂದೈತೇನು ನೋಡು.”

ಓದಿದೆ. ಹಾಳೆಯ ಅರ್ಧಭಾಗ ಒಂದೇ ವಾಕ್ಯ. ‘ಈ ಮೂಲಕ ಸಮಸ್ತ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ’ ಎಂದು ಹೊರಟು, ಅಧಿನಿಯಮದ ಪೂರ್ತಿ ಹೆಸರು, ಕಲಮು, ಉಪಕಲಮು, ಸರ್ಕಾರದ ಆದೇಶದ ಸಂಖ್ಯೆ, ದಿನಾಂಕ, ಸರ್ವೆ ನಂಬರು, ಎಕರೆ, ಗುಂಟೆ, ಚೆಕ್ಕುಬಂದಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ ಕೊನೆಗೊಂದು ಕ್ರಿಯಾಪದದಲ್ಲಿ ಕುಸಿದು ಕೂತಿತ್ತು. ಅದರ ಕೆಳಗೆ ಎಚ್ಚರಿಕೆ: ನಿಗದಿತ ಅವಧಿಯೊಳಗೆ ಆಕ್ಷೇಪಣೆ ಬಾರದಿದ್ದಲ್ಲಿ ಯಾರದೂ ಏನೂ ತಕರಾರು ಇರುವುದಿಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು. ಭಾವಿಸುವುದರಲ್ಲಿ ನಮ್ಮ ಕಚೇರಿಗಳು ಯಾವ ಕವಿಗೂ ಕಡಿಮೆಯಿಲ್ಲ. ಕಂಪನಿಯ ಹೆಸರು ಹನ್ನೊಂದನೇ ಸಾಲಿನಲ್ಲಿತ್ತು. ಅವಳದಲ್ಲ, ಬೇರೆ ಕಂಪನಿ. ಹೇಳಿದೆ. ಅವಳು ಬೇಸರಪಟ್ಟುಕೊಂಡ ಹಾಗೆ ಕಾಣಲಿಲ್ಲ. “ಮುಂದಿನ ವಾರ ಬರ್ತೇನಿ” ಅಂದಳು, ತಿಂಗಳ ಪಿಂಚಣಿ ಕೇಳಲು ಬಂದವರ ದನಿಯಲ್ಲಿ.

ಇದರ ಹಿಂದಿರುವ ಕಾನೂನು ಸಣ್ಣದಲ್ಲ. ಹಣಕಾಸು ಸಂಸ್ಥೆಗಳಲ್ಲಿ ಠೇವಣಿದಾರರ ಹಿತಾಸಕ್ತಿ ಕಾಪಾಡಲು ಕರ್ನಾಟಕ 2004ರಲ್ಲಿ ಮಾಡಿಕೊಂಡ ಅಧಿನಿಯಮ ಅದು. ಕಚೇರಿಯಲ್ಲೂ ಕೋರ್ಟಿನಲ್ಲೂ ‘ಕೆಪಿಐಡಿ’ ಅಂದರೇ ತಿಳಿಯುವುದು. ಠೇವಣಿ ವಾಪಸು ಕೊಡದೆ ಕೈಯೆತ್ತಿದ ಕಂಪನಿಯ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಬಹುದು. ಅದನ್ನು ನೋಡಿಕೊಳ್ಳಲು ಸಕ್ಷಮ ಪ್ರಾಧಿಕಾರ ಅಂತ ಒಬ್ಬ ಅಧಿಕಾರಿಯನ್ನು ನೇಮಿಸುತ್ತದೆ, ಬಹಳ ಸಲ ಉಪವಿಭಾಗಾಧಿಕಾರಿಗೇ ಆ ಹೊಣೆ ಬೀಳುತ್ತದೆ. ಅವರು ವಿಶೇಷ ನ್ಯಾಯಾಲಯಕ್ಕೆ ಹೋಗಿ ಜಪ್ತಿಯನ್ನು ಕಾಯಂ ಮಾಡಿಸಬೇಕು, ಠೇವಣಿದಾರರಿಂದ ಅರ್ಜಿ ಕರೆಯಬೇಕು, ಆಸ್ತಿ ಹರಾಜು ಹಾಕಬೇಕು, ಬಂದದ್ದನ್ನು ಪಾಲಿಗೆ ತಕ್ಕಂತೆ ಹಂಚಬೇಕು. ಪ್ರತಿ ಹಂತಕ್ಕೂ ಒಂದೊಂದು ನೋಟಿಸು. ಪ್ರತಿ ನೋಟಿಸಿಗೂ ಒಂದೊಂದು ಗಡುವು. ಜಪ್ತಿಯಾದ ಹೊಲಕ್ಕೆ ನನ್ನದೂ ಹಕ್ಕಿದೆಯೆಂದು ಯಾರೋ ದಾಯಾದಿ ಬಂದರೆ, ಅದೇ ನಿವೇಶನದ ಮೇಲೆ ಬ್ಯಾಂಕೊಂದರ ಸಾಲವಿದ್ದರೆ, ಕಂಪನಿಯವನು ಹೈಕೋರ್ಟಿಗೆ ಹೋದರೆ, ನೋಟಿಸುಗಳ ನಡುವಿನ ಅಂತರ ವರ್ಷಗಳಾಗುತ್ತವೆ.

ರಾಜ್ಯ ಈ ಕಾನೂನಿನ ಭಾರವನ್ನು ಸರಿಯಾಗಿ ಹೊತ್ತು ನೋಡಿದ್ದು ಐಎಂಎ ಎಂಬ ಹೂಡಿಕೆ ಕಂಪನಿಯ ಪ್ರಕರಣದಲ್ಲಿ. 2019ರ ಜೂನ್‌ನಲ್ಲಿ ಅದರ ಮಾಲೀಕ ಬೆಂಗಳೂರು ಬಿಟ್ಟು ಓಡಿದಾಗ ದೂರು ಕೊಡಲು ಬಂದವರ ಸಾಲು ದಿನಗಟ್ಟಲೆ ಕರಗಲಿಲ್ಲ. ಮಗಳ ಮದುವೆಗೆಂದು ಇಟ್ಟವರು, ನಿವೃತ್ತಿಯ ಹಣ ಪೂರ್ತಿ ಸುರಿದವರು, ಬಡ್ಡಿ ಪಾಪವೆಂದು ಬ್ಯಾಂಕಿನಿಂದ ದೂರ ಉಳಿದು ‘ಲಾಭಾಂಶ’ ನಂಬಿದವರು. ಹತ್ತಾರು ಸಾವಿರ ಜನ. 2020ರ ಕೊನೆಗೆ ಸಕ್ಷಮ ಪ್ರಾಧಿಕಾರ ಹಕ್ಕು ಸಾಧಿಸುವ ಅರ್ಜಿಗಳನ್ನು ಕರೆದಾಗ ಬೆಂಗಳೂರು ಒನ್ ಕೇಂದ್ರಗಳಲ್ಲೂ ಅರ್ಜಿ ಹಾಕಲು ಅವಕಾಶ ಮಾಡಬೇಕಾಯಿತು. ಮೂಲ ದಾಖಲೆ ಯಾವುದು, ಯಾವ ಖಾತೆಗೆ ಹಣ, ತೀರಿಕೊಂಡವರ ಪಾಲು ಯಾರಿಗೆ ಎಂದೆಲ್ಲ ಪ್ರಶ್ನೆ. ಅಲ್ಲಾದರೂ ಗದ್ದಲವಿತ್ತು, ಪತ್ರಿಕೆಗಳಿದ್ದವು, ಟಿವಿಯಿತ್ತು. ಈ ಹೆಂಗಸಿನ ಕಂಪನಿಗೆ ಅಂಥ ಹೆಸರಿಲ್ಲ. ಅವಳ ಕೈಚೀಲದಲ್ಲಿ ಬಾಂಡು ಮಾತ್ರ ಇದೆ. ತೆಗೆದು ತೋರಿಸಿದಳು. ಪ್ಲಾಸ್ಟಿಕ್ ಹೊದಿಕೆ, ಚಿನ್ನದ ಬಣ್ಣದ ಅಂಚು, ನಡುವೆ ಲಕ್ಷ್ಮಿಯ ಚಿತ್ರ, ನುಣುಪಾದ ದಪ್ಪ ಕಾಗದ. ಸರ್ಕಾರದ ನೋಟಿಸಿಗಿಂತ ಆ ಮೋಸದ ಬಾಂಡು ಎಷ್ಟೋ ಚಂದ ಇತ್ತು, ಓದಲೂ ಸುಲಭ: ಇಷ್ಟು ಕೊಟ್ಟೆ, ಇಷ್ಟು ವರ್ಷಕ್ಕೆ ಇಷ್ಟು ಆಗುತ್ತದೆ.

ಕಚೇರಿಯ ಆವರಣದ ಬೇವಿನ ಮರದ ಬುಡದಲ್ಲಿ ಅರ್ಜಿ ಬರೆಯುವವರೊಬ್ಬರಿದ್ದಾರೆ. ಮಡಚುವ ಟೇಬಲ್ಲು, ಸ್ಟಾಂಪ್ ಪ್ಯಾಡು, ರಬ್ಬರ್ ಬ್ಯಾಂಡ್ ಸುತ್ತಿದ ನಮೂನೆಗಳ ಕಟ್ಟು. ಹಿಂದೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರು, ಈಗ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಬಾಯಲ್ಲಿ ಹೇಳಿ ಹೊಡೆಸುತ್ತಾರೆ. ಜನ ಅವರನ್ನು ರೈಟರ್ ಸಾಹೇಬ್ರು ಅನ್ನುತ್ತಾರೆ. ದಿನಾ ಬೆಳಿಗ್ಗೆ ಅವರು ಮಾಡುವ ಮೊದಲ ಕೆಲಸ ಬೋರ್ಡಿನ ಹತ್ತಿರ ಹೋಗಿ ಹೊಸದೇನು ಬಂದಿದೆ ನೋಡುವುದು. ಸಂಬಳವಿಲ್ಲದ ಈ ಕೆಲಸಕ್ಕೆ ಅವರಿಗೆ ಸ್ವಂತ ಲಾಭವೂ ಇದೆ, ನೋಟಿಸಿಗೊಂದು ಅರ್ಜಿ, ಅರ್ಜಿಗೊಂದಿಷ್ಟು ಕಾಸು. ಆದರೂ ಆ ಊರಿನಲ್ಲಿ ಸರ್ಕಾರದ ಮಾತು ಜನರಿಗೆ ತಲುಪುವುದು ಬಹುಮಟ್ಟಿಗೆ ಅವರ ಬಾಯಿಂದಲೇ. ಮೇಲಿನ ಅರ್ಧ ಹಾಳೆಯ ವಾಕ್ಯವನ್ನು ಆ ಹೆಂಗಸಿಗೆ ಅವರು ಹೇಳಿದ್ದು ಹೀಗೆ: “ಯವ್ವಾ, ಇದು ನಿಂದಲ್ಲ. ನಿನ್ನ ಕಂಪನೀದು ಕೋರ್ಟಿನಾಗ ಐತಿ. ಅರ್ಜಿ ಕರೀತಾರ, ಕರೆದಾಗ ಪೇಪರಿನಾಗ ಬರ್ತೈತಿ. ಅಲ್ಲೀತನಾ ಈ ಬಾಂಡ್ ಯಾರ ಕೈಯಾಗೂ ಕೊಡಬ್ಯಾಡ, ಜೆರಾಕ್ಸ್ ಅಷ್ಟ ಕೊಡು.”

“ಪೇಪರಿನಾಗ ಬಂದದ್ದು ನನಗ ಹ್ಯಾಂಗ ತಿಳೀಬೇಕ್ರಿ?”

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಅವಳ ಮೊಮ್ಮಗನ ಫೋನ್ ನಂಬರು ಬರೆದುಕೊಂಡರು.

ಕಾನೂನಿನ ಲೆಕ್ಕದಲ್ಲಿ ಪ್ರಕಟವಾದದ್ದೆಲ್ಲ ತಿಳಿದದ್ದೇ. ಕರ್ನಾಟಕ ರಾಜ್ಯಪತ್ರ ಗುರುವಾರ ಗುರುವಾರ ಬರುತ್ತದೆ, ತುರ್ತಿದ್ದರೆ ವಿಶೇಷ ಸಂಚಿಕೆ. ಅದರಲ್ಲಿ ಅಚ್ಚಾದ ಮೇಲೆ ನನಗೆ ಗೊತ್ತಿರಲಿಲ್ಲ ಅಂದರೆ ಯಾವ ಕೋರ್ಟೂ ಕೇಳುವುದಿಲ್ಲ. ಸಾಲ ಕಟ್ಟದವರ ಮನೆಯನ್ನು ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಂಡರೆ ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು ಎಂಬ ನಿಯಮವಿದೆ. ಹೀಗಾಗಿಯೇ ಕನ್ನಡ ಪತ್ರಿಕೆಗಳ ಒಳಪುಟಗಳಲ್ಲಿ ಇರುವೆ ಸಾಲಿನಂಥ ಅಕ್ಷರಗಳ ಆ ಡಬ್ಬಿಗಳು. ಚಹಾದಂಗಡಿಯಲ್ಲಿ ಅದೇ ಪುಟದ ಮೇಲೆ ಮಿರ್ಚಿ ಬರುತ್ತದೆ. ಎಣ್ಣೆ ಹೀರಿದ ಕಡೆ ಹಿಂದಿನ ಪುಟದ ಕ್ರಿಕೆಟ್ಟು ಮುಂದಿನ ನೋಟಿಸಿನೊಳಗೆ ಬೆರೆತು ಕಾಣುತ್ತದೆ.

ನನ್ನ ತಕರಾರು ಭಾಷೆ ಕಠಿಣವಾಗಿದೆ ಎಂಬುದಲ್ಲ. ನಮ್ಮ ಜನ ಕಠಿಣ ಭಾಷೆಗೆ ಹೆದರುವವರಲ್ಲ. ಪಹಣಿ, ಖಾತೆ, ಪೋಡಿ, ಮುಟೇಷನ್ ಎಲ್ಲವನ್ನೂ ಅಕ್ಷರ ಬಾರದವರೂ ಅರಗಿಸಿಕೊಂಡಿದ್ದಾರೆ. ತಕರಾರು ಏನೆಂದರೆ, ಈ ಕಾಗದಗಳು ತಿಳಿಸಲಿಕ್ಕೆ ಹುಟ್ಟಿದವಲ್ಲ, ತಿಳಿಸಿದ್ದೇವೆ ಎಂದು ನಾಳೆ ತೋರಿಸಲಿಕ್ಕೆ ಹುಟ್ಟಿದವು. ಜವಾನ ಹೊಡೆದ ಆ ದೂರದ ಫೋಟೊ ನೋಡಿ. ಅದರಲ್ಲಿ ಬೋರ್ಡು ಕಾಣುತ್ತದೆ, ಕಚೇರಿಯ ಹೆಸರು ಕಾಣುತ್ತದೆ, ಒಂದಕ್ಷರ ಓದಲು ಬರುವುದಿಲ್ಲ. ಕಡತಕ್ಕೆ ಬೇಕಾದ್ದು ಅಷ್ಟೇ.

ಮಾರ್ಕೆಟ್ ರಸ್ತೆಗೆ ಹೊರಳಿದರೆ ಪತ್ತಿನ ಸಹಕಾರ ಸಂಘಗಳ ಸಾಲು. ಹಾವೇರಿಯ ಮಗ್ಗುಲಲ್ಲೇ ಗದಗ. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರವೆಂಬುದು ಈ ಸೀಮೆಗೆ ಹೊರಗಿನಿಂದ ಬಂದ ಮಾತಲ್ಲ, ಮನೆಮಾತು. ಅದೇ ಕಾರಣಕ್ಕೆ ಇಲ್ಲಿ ಒಂದು ಗೊಂದಲವೂ ಹಳೆಯದು. ಹೆಂಚಿನ ಮನೆಯ ಜಗುಲಿಯ ಸಂಘವಿರಲಿ, ಎಸಿ ಹಾಕಿದ ಕೌಂಟರಿನ ಸೌಹಾರ್ದವಿರಲಿ, ಜನ ಎಲ್ಲವನ್ನೂ ಬ್ಯಾಂಕೆಂದೇ ಕರೆಯುತ್ತಾರೆ. ಆದರೆ ಮೇಲ್ವಿಚಾರಣೆಯ ದಾರಿ ಬೇರೆ ಬೇರೆ. ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ಕಣ್ಣು. ಬ್ಯಾಂಕು ಬಿದ್ದರೆ ಒಬ್ಬ ಠೇವಣಿದಾರನಿಗೆ ಐದು ಲಕ್ಷದವರೆಗೆ ವಿಮೆ. 2020ರ ಫೆಬ್ರುವರಿಗೆ ಮುಂಚೆ ಅದು ಒಂದೇ ಲಕ್ಷವಿತ್ತು. ಸಂಘಕ್ಕೆ ಸಹಕಾರ ಇಲಾಖೆಯ ಕಣ್ಣು, 1959ರ ಸಹಕಾರ ಸಂಘಗಳ ಕಾಯ್ದೆ. ಸೌಹಾರ್ದಕ್ಕೆ 1997ರ ಇನ್ನೊಂದು ಕಾಯ್ದೆ. ಇವೆರಡಕ್ಕೂ ಆ ಐದು ಲಕ್ಷದ ವಿಮೆ ಇಲ್ಲ. ಈ ಒಂದು ಮಾತನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ ಸಂಘ ನಾನಂತೂ ನೋಡಿಲ್ಲ.

ನೋಡಿದ್ದು ಸರ್ವಸದಸ್ಯರ ಸಭೆಯ ನೋಟಿಸು. ಸೆಪ್ಟೆಂಬರ್ ಬಂತೆಂದರೆ ಪ್ರತಿ ಸಂಘದ ಬಾಗಿಲಿಗೂ ಅದು ಬೀಳುತ್ತದೆ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಜಮಾ ಖರ್ಚು, ಲಾಭ ನಷ್ಟ, ಲೆಕ್ಕಪರಿಶೋಧನಾ ವರದಿ, ಡಿವಿಡೆಂಡು, ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು. ಆಡಿಟ್ ದರ್ಜೆ ‘ಎ’ ಬಂದಿದ್ದರೆ ಅದಕ್ಕೆ ಕೆಂಪು ಶಾಯಿ. ‘ಸಿ’ ಬಂದಿದ್ದರೆ ಕಪ್ಪು ಶಾಯಿಯಲ್ಲಿ ಒಳಗೆಲ್ಲೋ. ಸಭೆಗೆ ಜನ ಬರುತ್ತಾರೆ, ಬರದೆ ಏನು, ಊಟಕ್ಕೆ ಗೋಧಿ ಹುಗ್ಗಿ, ಹೋಗುವಾಗ ಕೈಗೊಂದು ಸ್ಟೀಲ್ ಡಬ್ಬಿ. ವರದಿಯ ಪುಸ್ತಕ ಡಬ್ಬಿಯೊಳಗೆ ಮಡಚಿಕೊಂಡು ಮನೆಗೆ ಹೋಗುತ್ತದೆ. ಅದೇ ಸಂಘದ ಬಾಗಿಲಿಗೆ ಬೇರೆ ಬಣ್ಣದ ಕಾಗದ ಬಿದ್ದ ದಿನ, ಕಲಂ 64ರಡಿ ವಿಚಾರಣೆ ಎಂದೋ ಆಡಳಿತಾಧಿಕಾರಿ ನೇಮಕ ಎಂದೋ, ಡಬ್ಬಿ ತಂದವರೆಲ್ಲ ಹಳೆಯ ವರದಿ ಹುಡುಕುತ್ತಾರೆ.

ನಗರದ ಬ್ಯಾಂಕಿಗೂ ಇದು ತಪ್ಪಿದ್ದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಂದು ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಬಸವನಗುಡಿ ಸುತ್ತಿನ ಹಿರಿಯರು ಪಾಸ್‌ಬುಕ್ ಹಿಡಿದು ಬೀದಿಯಲ್ಲಿ ನಿಂತರು. ನಿವೃತ್ತ ಮೇಷ್ಟ್ರು, ನಿವೃತ್ತ ಗುಮಾಸ್ತರು, ಬದುಕೆಲ್ಲ ಸುತ್ತೋಲೆ ಓದಿ ಸುತ್ತೋಲೆ ಬರೆದವರೇ ಅವರಲ್ಲಿ ಬಹಳ ಮಂದಿ.

ಸರ್ಕಾರವೇ ಠೇವಣಿದಾರನಾದರೆ ಏನಾಗುತ್ತದೆ? ಅದನ್ನೂ ಕಂಡಿದ್ದೇವೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 2011ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಇಟ್ಟ ಠೇವಣಿಯಲ್ಲಿ 12 ಕೋಟಿ ವಾಪಸಾಗಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ 2013ರಲ್ಲಿ ಅಂದಿನ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ ಇಟ್ಟ 10 ಕೋಟಿ, ಖೊಟ್ಟಿ ದಾಖಲೆಗಳ ಮೂಲಕ ಯಾರದೋ ಸಾಲಕ್ಕೆ ಜಮೆಯಾಗಿ ಹೋಯಿತು. ವರ್ಷಗಟ್ಟಲೆ ಪತ್ರ, ಸಭೆ, ಮೊಕದ್ದಮೆ. ಕೊನೆಗೆ 2024ರ ಆಗಸ್ಟ್‌ನಲ್ಲಿ ಹಣಕಾಸು ಇಲಾಖೆ ಒಂದು ಸುತ್ತೋಲೆ ಹೊರಡಿಸಿತು: ಎಲ್ಲ ಇಲಾಖೆ, ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳು ಸ್ಟೇಟ್ ಬ್ಯಾಂಕ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕಿನ ಖಾತೆಗಳನ್ನು ಮುಚ್ಚತಕ್ಕದ್ದು. ಈ ಸುತ್ತೋಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎರಡು ಬ್ಯಾಂಕುಗಳ ದೊಡ್ಡವರು ವಿಧಾನಸೌಧದ ಮೆಟ್ಟಿಲು ಹತ್ತಿದರು. ನಾಲ್ಕೇ ದಿನದಲ್ಲಿ ಸುತ್ತೋಲೆಗೆ ಹದಿನೈದು ದಿನದ ತಡೆ, ಸೆಪ್ಟೆಂಬರಿನಲ್ಲಿ ದುಡ್ಡು ವಾಪಸು, ಸುತ್ತೋಲೆಯೂ ವಾಪಸು.

ರೈಟರ್ ಸಾಹೇಬರಿಗೆ ಈ ಸುದ್ದಿ ನೆನಪಿದೆ. ಪತ್ರಿಕೆಯ ತುಣುಕು ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. “ನೋಡ್ರಿ, ಸರ್ಕಾರಕ್ಕೂ ಬಾಂಡ್ ಕೈ ಕೊಟ್ಟಿತ್ತು. ಆದ್ರ ಅದು ಖಾತೆ ಬಂದ್ ಮಾಡ್ತೇನಿ ಅಂತು, ಬಂತು. ಈ ಯವ್ವ ಯಾವ ಖಾತೆ ಬಂದ್ ಮಾಡಬೇಕು?” ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಇದೇ ಜಿಲ್ಲೆಯ ಹೆಂಗಸರು 2025ರ ಆರಂಭದಲ್ಲಿ ತಮ್ಮದೇ ಒಂದು ನೋಟಿಸು ಕಳಿಸಿದ್ದರು. ಮೈಕ್ರೊ ಫೈನಾನ್ಸ್ ವಸೂಲಿಯವರ ಕಾಟಕ್ಕೆ ಬೇಸತ್ತು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಹಾಕಿದರು. ಆ ದಿನಗಳಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬರುತ್ತಿತ್ತು. ಸಾಲ ಕೊಟ್ಟ ಕಂಪನಿಯವರು ಗೋಡೆಯ ಮೇಲೆ ‘ಈ ಮನೆ ಅಡಮಾನವಾಗಿದೆ’ ಎಂದು ಪೇಂಟಿನಲ್ಲಿ ಬರೆದು ಹೋಗುವ ರೂಢಿ ಎಲ್ಲರಿಗೂ ಗೊತ್ತು. ಅದೂ ಪ್ರಕಟಣೆಯೇ: ದೊಡ್ಡ ಅಕ್ಷರ, ಚಿಕ್ಕ ವಾಕ್ಯ, ಇಡೀ ಓಣಿ ಓದುತ್ತದೆ. ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ಪ್ರಶ್ನೆಗಳೊಂದಿಗೆ ವಾಪಸು ಕಳಿಸಿ ಆಮೇಲೆ ಫೆಬ್ರುವರಿ 12ರಂದು ಸಹಿ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆಗ ಸಹಾಯವಾಣಿಯ ಫ್ಲೆಕ್ಸುಗಳು ಎದ್ದವು, ಅವುಗಳಲ್ಲಿ ಫೋನ್ ನಂಬರು ದೊಡ್ಡದಾಗಿಯೇ ಇತ್ತು. ಕಚೇರಿಗೆ ಮನಸ್ಸಾದರೆ ದಪ್ಪಕ್ಷರ ಬರುತ್ತದೆ ಎಂಬುದಕ್ಕೆ ಅದೊಂದು ಪುರಾವೆ.

ಶಾಲೆಯ ಹಣದ ವಿಷಯದಲ್ಲಿ ದಪ್ಪಕ್ಷರ ಒಮ್ಮೆ ಸರ್ಕಾರಕ್ಕೇ ತಿರುಗುಬಾಣವಾದದ್ದುಂಟು. 2022ರ ಅಕ್ಟೋಬರ್ 19ರಂದು ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಸರ್ಕಾರಿ ಶಾಲೆಯ ಮಕ್ಕಳ ಪೋಷಕರಿಂದ ತಿಂಗಳಿಗೆ 100 ರೂಪಾಯಿಯಂತೆ ದೇಣಿಗೆ ಸಂಗ್ರಹಿಸಬಹುದು. ಒತ್ತಾಯವಿಲ್ಲ, ಸ್ವಇಚ್ಛೆ, ರಸೀದಿ ಕೊಡಬೇಕು. ನೂರು ರೂಪಾಯಿ! ಕಲಮಿಲ್ಲ, ಉಪಕಲಮಿಲ್ಲ. ಎರಡು ಮಕ್ಕಳಿದ್ದ ಕೂಲಿಯ ಹೆಂಗಸಿಗೆ ಲೆಕ್ಕ ಹಾಕಲು ಯಾವ ರೈಟರೂ ಬೇಕಾಗಲಿಲ್ಲ. ಮೂರೇ ದಿನಕ್ಕೆ, ಶನಿವಾರ, ಸುತ್ತೋಲೆ ಹಿಂದೆ ಹೋಯಿತು. ಅಷ್ಟು ಸರಳವಾಗಿ ಬರೆದ ಅಧಿಕಾರಿಯ ಮೇಲೆ ಇಲಾಖೆಗೆ ಒಳಗೊಳಗೇ ಸಿಟ್ಟು ಬಂದಿರಬೇಕು ಅಂತ ನನ್ನ ಗುಮಾನಿ.

ಊರಿಂದ ಆಚೆ, ಕೆರೆಯ ಏರಿ ದಾಟಿದರೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಗೇಟಿನ ಒಳಗೆ ಬಲಕ್ಕೆ ಅಡುಗೆ ಕೋಣೆ, ಕುಕ್ಕರಿನ ಸೀಟಿ, ಮೊಟ್ಟೆ ಬೇಯುವ ವಾಸನೆ. ಹೆಡ್‌ಮಾಸ್ತರರ ಕೋಣೆಯ ಹೊರಗೋಡೆಯ ಮೇಲೆ ಆಳೆತ್ತರದ ಒಂದು ಚೌಕಟ್ಟು, ಹಳದಿ ಹಿನ್ನೆಲೆಗೆ ನೀಲಿ ಅಕ್ಷರ, ಊರಿನ ಪೇಂಟರನ ಕೈಬರಹ. ಮಕ್ಕಳ ಸಂಖ್ಯೆ: ಗಂಡು, ಹೆಣ್ಣು, ಒಟ್ಟು. ಶಿಕ್ಷಕರು: ಮಂಜೂರು, ಭರ್ತಿ, ಖಾಲಿ. ಅದರ ಕೆಳಗೆ: ಶಾಲಾ ಅನುದಾನ 25,000. ಆ ಅಂಕಿಯೊಂದನ್ನು ಬಿಟ್ಟು ಮಿಕ್ಕ ಅಂಕಿಗಳೆಲ್ಲ ಸೀಮೆಸುಣ್ಣದವು, ವರ್ಷ ವರ್ಷ ಅಳಿಸಿ ಬರೆಯಲಿಕ್ಕೆ.

ಈ 25,000 ಬಂದ ದಾರಿ ಹೀಗೆ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ಶಾಲೆಗೆ ಹಣ. ಮೂವತ್ತರ ಒಳಗಿದ್ದರೆ 10,000. ನೂರರ ತನಕ 25,000. ಇನ್ನೂರೈವತ್ತರ ತನಕ 50,000. ಸಾವಿರದ ತನಕ 75,000. ಅದರಾಚೆ ಒಂದು ಲಕ್ಷ. ಅದರಲ್ಲಿ ಹತ್ತನೇ ಒಂದು ಪಾಲನ್ನಾದರೂ ಸ್ವಚ್ಛತೆಗೆ ತೆಗೆದಿಡಬೇಕು. ಚಾಕ್‌ಪೀಸ್, ಹಾಜರಿ ಪುಸ್ತಕ, ಫಿನಾಯಿಲು, ಕೆಟ್ಟ ನಲ್ಲಿ, ಸುಟ್ಟ ಬಲ್ಬು, ಒಡೆದ ಹೆಂಚು, ಆಗಸ್ಟ್ ಹದಿನೈದರ ಬಣ್ಣದ ಕಾಗದ, ಎಲ್ಲ ಇದರೊಳಗೇ. ಕರೆಂಟು ಬಿಲ್ಲಿನ ಚಿಂತೆ ಮಾತ್ರ ಈಗ ಕಡಿಮೆ; ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಾರಿದ್ದರು.

ಆ ಮಧ್ಯಾಹ್ನ ಎಸ್‌ಡಿಎಂಸಿ ಸಭೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ಪೂರ್ತಿ ಹೆಸರನ್ನು ಯಾರೂ ಬಳಸುವುದಿಲ್ಲ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆ ಹೇಳಿದ ಮೇಲೆ 2001ರ ಏಪ್ರಿಲ್ 28ರ ಆದೇಶದಿಂದ ಹುಟ್ಟಿದ ಸಮಿತಿ ಇದು. ದೇಶಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬರುವ ಎಷ್ಟೋ ಮುಂಚೆ ಕರ್ನಾಟಕದ ತಂದೆತಾಯಂದಿರಿಗೆ ಶಾಲೆಯ ಲೆಕ್ಕ ಕೇಳುವ ಅಧಿಕಾರ ಕೊಟ್ಟಿತ್ತು. ಸಭೆಯ ತಿಳುವಳಿಕೆ ಪತ್ರ ಒಂದು ನೂರು ಪುಟದ ನೋಟ್‌ಬುಕ್ಕು. ಆರನೇ ಕ್ಲಾಸಿನ ಹುಡುಗನೊಬ್ಬ ಅದನ್ನು ಹಿಡಿದು ಮನೆಮನೆಗೆ ಹೋಗಿ, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬಂದಿದ್ದ. ನಾನು ಅಂದು ನೋಡಿದ ನೋಟಿಸುಗಳಲ್ಲಿ ಪೂರ್ತಿ ತಲುಪಿದ್ದು ಅದೊಂದೇ.

ನಲಿಕಲಿ ಕೋಣೆಯಲ್ಲಿ ಚಾಪೆ ಹಾಸಿ ಕೂತರು. ಹೆಂಗಸರೇ ಹೆಚ್ಚು, ಅಧ್ಯಕ್ಷರು ಟ್ರ್ಯಾಕ್ಟರ್ ಬಿಟ್ಟು ಬಂದಿದ್ದರು, ಕೈಯಲ್ಲಿನ್ನೂ ಗ್ರೀಸು. ಹೆಡ್‌ಮಾಸ್ತರರು ಖರ್ಚು ಓದಿದರು. ಫಿನಾಯಿಲು ಇಷ್ಟು, ನಲ್ಲಿ ಇಷ್ಟು, ಬಾಗಿಲ ಕೊಂಡಿ ಇಷ್ಟು. ಒಬ್ಬಾಕೆ ತಡೆದಳು.

“ಸರ, ಕೊಂಡಿ ಹಾಕ್ಸೀರಿ ಅಂದ್ರಿ. ಹೆಣ್ಣುಹುಡುಗ್ಯಾರ ಪಾಯಖಾನಿಗೆ ಇನ್ನೂ ಹಗ್ಗನ ಐತಲ್ರಿ.”

“ಎರಡು ಹಾಕ್ಸೇವಿ ಯವ್ವಾ, ಆಫೀಸಿಗೊಂದು, ಅಡಿಗಿ ಖೋಲಿಗೊಂದು. ಮೂರನೇದು ಈ ಸಲದ ರೊಕ್ಕ ಬಂದಮ್ಯಾಲ.”

“ಗ್ವಾಡಿ ಮ್ಯಾಲ ಇಪ್ಪತ್ತೈದ ಸಾವಿರ ಅಂತ ಬರದೀರಿ. ಅದ ಬಂದಿಲ್ಲೇನ್ರಿ ಹಂಗಾರ?”

ಹೆಡ್‌ಮಾಸ್ತರರು ಕನ್ನಡಕ ತೆಗೆದರು. ಈಗ ದುಡ್ಡು ಶಾಲೆಯ ಖಾತೆಗೆ ಬಂದು ಕೂರುವುದಿಲ್ಲ, ಖಾತೆಯಲ್ಲಿ ಯಾವಾಗಲೂ ಸೊನ್ನೆ. ಮೇಲಿನಿಂದ ಇಷ್ಟು ಖರ್ಚು ಮಾಡಬಹುದು ಅಂತ ಲಿಮಿಟ್ ಕೊಡುತ್ತಾರೆ, ಅಷ್ಟರೊಳಗೆ ಬಿಲ್ ಹಾಕಿದರೆ ಅಂಗಡಿಯವನಿಗೆ ನೇರ ಹೋಗುತ್ತದೆ, ವರ್ಷದ ಕೊನೆಗೆ ಲಿಮಿಟ್ ಹೋದರೆ ಹೋಯಿತು ಎಂದು ವಿವರಿಸಿದರು. ಕಳೆದ ಸಲ ಲಿಮಿಟ್ ಬಂದಾಗ ಫೆಬ್ರುವರಿ, ಪರೀಕ್ಷೆಯ ಗಡಿಬಿಡಿ. ಅವರಿಗೂ ಅದು ಸುಖದ ವ್ಯವಸ್ಥೆಯಲ್ಲ ಎಂಬುದು ದನಿಯಲ್ಲೇ ತಿಳಿಯುತ್ತಿತ್ತು. ಜೂನ್‌ನಿಂದ ಫೆಬ್ರುವರಿಯ ತನಕ ಚಾಕ್‌ಪೀಸಿಗೆ ಅವರ ಜೇಬೇ ಲಿಮಿಟ್ಟು.

“ಹಂಗಾರ ಗ್ವಾಡಿ ಮ್ಯಾಲ ಅದನ್ನೂ ಬರೀರಿ,” ಅಂದಳಾಕೆ. “ಎಷ್ಟು ಅನ್ನೋದೊಂದ ಬರದ್ರ ಏನ್ ತಿಳೀತೈತ್ರಿ? ಬಂದ ತಾರೀಖೂ ಬರೀರಿ. ಈ ಸಾಲಿ ಮುಂದ ದಿನಾ ಹಾಯ್ತೇವಿ, ನೋಡ್ತೇವಿ.”

ನಮೂನೆಯಲ್ಲಿ ಆ ಕಾಲಂ ಇಲ್ಲ ಎಂದರು ಹೆಡ್‌ಮಾಸ್ತರರು. ಇಲ್ಲದಿದ್ದರೆ ಹಾಕಿಸಿ ಎಂದರು ಅಧ್ಯಕ್ಷರು, ಪೇಂಟರ್ ನಮ್ಮ ಓಣಿಯವನೇ, ಹೇಳಿದರೆ ನಾಳೆಯೇ ಬರುತ್ತಾನೆ. ಹೊಸ ಕಾಲಮ್ಮಿಗೆ ಮುನ್ನೂರು ರೂಪಾಯಿ ಕೇಳಬಹುದು ಎಂದರು ಇನ್ನೊಬ್ಬರು. ಆ ಮುನ್ನೂರನ್ನು ಯಾವ ಬಾಬ್ತಿಗೆ ಹಾಕುವುದು, ಸ್ವಚ್ಛತೆಯ ಹತ್ತನೇ ಪಾಲಿಗೋ ದುರಸ್ತಿಗೋ ಎಂದು ಚರ್ಚೆ ಎದ್ದಿತು. ಹೆಡ್‌ಮಾಸ್ತರರು ನಡಾವಳಿ ಪುಸ್ತಕ ತೆರೆದು, ವಿಷಯ ನಾಲ್ಕು ಎಂದು ಬರೆದು ಅಡಿಗೆರೆ ಎಳೆದರು.